ಹುಟ್ಟಿದ ಮೊದಲ ವರ್ಷದಲ್ಲೇ ಕೈತಪ್ಪುವ ಪೌರತ್ವ

ಮಾಗಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಜನನ ನೋಂದಣಿ 21 ದಿನದೊಳಗೆ ಆಗಬೇಕು. ಮನೆಯವರು ಮರೆತರೆ ತಡದ ಶುಲ್ಕ ಕಟ್ಟಿ ಬರೆಸಬಹುದು. ವರ್ಷವೇ ಕಳೆದುಹೋಗಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ತಂದು ಬರೆಸಬಹುದು. ಓಡಾಟ ಹೆಚ್ಚುತ್ತದೆ, ಕೆಲಸ ಕೆಡುತ್ತದೆ, ಆದರೆ ಮಗುವಿನ ಪೌರತ್ವಕ್ಕೆ ಎಳ್ಳಷ್ಟೂ ಧಕ್ಕೆಯಿಲ್ಲ. ಅದೇ ತಾಲ್ಲೂಕಿನ ಕುದೂರಿನಿಂದಲೋ ತಿಪ್ಪಸಂದ್ರದಿಂದಲೋ ದೋಹಾಕ್ಕೆ ದುಡಿಯಲು ಹೋದ ದಂಪತಿಗೆ ಅಲ್ಲಿ ಮಗು ಹುಟ್ಟಿದರೆ ಮಾತೇ ಬೇರೆ. ತಂದೆಯೂ ಭಾರತೀಯ, ತಾಯಿಯೂ ಭಾರತೀಯಳು. ಆದರೂ ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಹೆಸರು ಬರೆಸದಿದ್ದರೆ ಆ ಮಗು ಕಾನೂನಿನ ಕಣ್ಣಿಗೆ ಭಾರತೀಯನಲ್ಲ. ಆಮೇಲೆ ಬರೆಸಬೇಕೆಂದರೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಇಲ್ಲಿ ನೋಂದಣಿಯು ಪೌರತ್ವಕ್ಕೆ ಸಾಕ್ಷಿ ಮಾತ್ರವಲ್ಲ, ಷರತ್ತೇ ಆಗಿದೆ. ಈ ಷರತ್ತು ಹೋಗಬೇಕು.

ಮೊದಲಿನಿಂದಲೂ ಹೀಗಿರಲಿಲ್ಲ. 1955ರ ಪೌರತ್ವ ಕಾಯ್ದೆಯ 4ನೇ ಕಲಂ ವಂಶಾನುಗತ ಪೌರತ್ವದ ಬಗ್ಗೆ ಹೇಳುತ್ತದೆ. 1950ರ ಜನವರಿ 26ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿನ ತಂದೆ ಭಾರತೀಯನಾಗಿದ್ದರೆ ಸಾಕಿತ್ತು, ಮಗು ತಾನಾಗಿ ಭಾರತೀಯ. ತಂದೆಯೇ ಹೊರದೇಶದಲ್ಲಿ ಹುಟ್ಟಿ ವಂಶದ ಬಲದಿಂದ ಮಾತ್ರ ಪೌರನಾಗಿದ್ದರೆ ಅಂಥವನ ಮಗುವಿಗೆ ನೋಂದಣಿ ಬೇಕಾಗುತ್ತಿತ್ತು. ಆ ಕಾಯ್ದೆಯಲ್ಲಿ ದೊಡ್ಡ ಅನ್ಯಾಯವೊಂದಿತ್ತು: ತಾಯಿಯ ಪೌರತ್ವ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮಾಗಡಿಯಲ್ಲಿ ಹುಟ್ಟಿ ಬೆಳೆದ ನರ್ಸೊಬ್ಬಳು ವಿದೇಶಿಯನ್ನು ಮದುವೆಯಾಗಿ 1990ರಲ್ಲಿ ಲಂಡನ್ನಿನಲ್ಲಿ ಹೆತ್ತಿದ್ದರೆ, ಹೆತ್ತವಳ ದೇಶ ಮಗುವಿನದಾಗುತ್ತಿರಲಿಲ್ಲ. ಇದನ್ನು ಸರಿಪಡಿಸಲು 1992ರ ಡಿಸೆಂಬರ್ 10ರವರೆಗೆ ಕಾಯಬೇಕಾಯಿತು. ಅಂದಿನಿಂದ ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಸಾಕು. ಮರುದಿನವೇ, ಡಿಸೆಂಬರ್ 11ರಂದು, ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. ಪ್ರತಿ ಮಗುವಿಗೂ ಒಂದು ರಾಷ್ಟ್ರೀಯತೆ ಪಡೆಯುವ ಹಕ್ಕಿದೆ ಎನ್ನುತ್ತದೆ ಅದರ 7ನೇ ವಿಧಿ.

ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಕಾನೂನು ಮತ್ತೆ ಬಿಗಿಯಾಯಿತು. 2003ರ ತಿದ್ದುಪಡಿ 2004ರ ಡಿಸೆಂಬರ್ 3ರಂದು ಜಾರಿಗೆ ಬಂದಾಗ ಒಂದು ವರ್ಷದ ಗಡುವು ಎಲ್ಲರಿಗೂ ಅನ್ವಯವಾಯಿತು. ಜೊತೆಗೆ ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಹೆತ್ತವರು ಬರೆದುಕೊಡಬೇಕಾಯಿತು.

ಈ ಬದಲಾವಣೆಯ ತೂಕ ತಿಳಿಯಲು ಮಾಗಡಿಯಿಂದ ದೂರವೇನೂ ಹೋಗಬೇಕಿಲ್ಲ, ಪಕ್ಕದ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯನ್ನು ನೆನೆದರಾಯಿತು. ಆ ಊರಿನ ಮನೆತನದ ವಿವೇಕ್ ಮೂರ್ತಿ, ಮುಂದೆ ಅಮೆರಿಕದ ಸರ್ಜನ್ ಜನರಲ್ ಆದವರು, ಹುಟ್ಟಿದ್ದು 1977ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ. ಆ ಕಾಲದಲ್ಲಿ ಬ್ರಿಟನ್ ತನ್ನ ನೆಲದಲ್ಲಿ ಹುಟ್ಟಿದ ಮಗುವನ್ನು ಹುಟ್ಟಿನಿಂದಲೇ ತನ್ನದೆನ್ನುತ್ತಿತ್ತು. ತಂದೆ ಭಾರತದಲ್ಲೇ ಹುಟ್ಟಿದ ಪೌರನಾಗಿದ್ದರೆ ನಮ್ಮ ಕಾನೂನೂ ಏನನ್ನೂ ಕೇಳದೆ ಮಗುವನ್ನು ಒಪ್ಪಿಕೊಳ್ಳುತ್ತಿತ್ತು. ಇಂದು ಅದೇ ಊರಿನಲ್ಲಿ ಕೆಲಸದ ವೀಸಾದ ಮೇಲಿರುವ ಕನ್ನಡ ದಂಪತಿಗೆ ಮಗು ಹುಟ್ಟಿದರೆ ಎರಡು ಬಾಗಿಲೂ ತಾವಾಗಿ ತೆರೆಯುವುದಿಲ್ಲ. 1983ರಿಂದ ಬ್ರಿಟನ್ ತಂದೆ ಅಥವಾ ತಾಯಿ ಅಲ್ಲಿನ ಪೌರರೋ ಕಾಯಂ ನಿವಾಸಿಗಳೋ ಆಗಿರಬೇಕೆನ್ನುತ್ತದೆ. 1986ರಿಂದ ಆಸ್ಟ್ರೇಲಿಯಾದಲ್ಲೂ ಹೀಗೆಯೇ. ಕೊಲ್ಲಿ ದೇಶಗಳಲ್ಲಂತೂ ವಲಸಿಗರ ಮಗುವಿಗೆ ಹುಟ್ಟಿನ ಬಲದಿಂದ ಪೌರತ್ವ ಸಿಗುವ ಮಾತೇ ಇಲ್ಲ. ಈ ಮಕ್ಕಳಿಗೆ ಇರುವುದು ಒಂದೇ ದೇಶ, ಹೆತ್ತವರ ದೇಶ.

ಗಡುವು ಯಾರನ್ನು ಹೊಡೆಯುತ್ತದೆ ಎಂಬುದನ್ನು ಸರಿಯಾಗಿ ನೋಡಬೇಕು. ದುಬೈನಲ್ಲಿ ಒಳ್ಳೆಯ ಕಂಪನಿಯಲ್ಲಿರುವ ಇಂಜಿನಿಯರ್ ತಪ್ಪದೆ ನೋಂದಣಿ ಮಾಡಿಸುತ್ತಾನೆ. ಪಾಸ್‌ಪೋರ್ಟ್ ಇಲ್ಲದೆ ಮಗುವಿಗೆ ಅಲ್ಲಿನ ವಾಸದ ಪರವಾನಗಿ ಸಿಗುವುದಿಲ್ಲವಾದ್ದರಿಂದ ಅವನಿಗೆ ಬೇರೆ ದಾರಿಯೂ ಇಲ್ಲ. ಸಿಕ್ಕಿಬೀಳುವವರು ಬೇರೆಯವರು. ವೀಸಾ ಮುಗಿದು ಮರೆಯಲ್ಲಿ ದುಡಿಯುತ್ತಿರುವವರು, ಮಾಲೀಕನ ಕೈಯಲ್ಲಿ ಪಾಸ್‌ಪೋರ್ಟ್ ಒತ್ತೆಯಾಗಿರುವ ಮನೆಗೆಲಸದ ಹೆಂಗಸು, ಗಂಡ ಬಿಟ್ಟುಹೋದವಳು, ಮದುವೆಯ ದಾಖಲೆ ಇಲ್ಲದವಳು. ನೋಂದಣಿಗೆ ಬೇಕಾದ ಕಾಗದಗಳು ಅಲ್ಲಿನ ಜನನ ಪತ್ರ, ಹೆತ್ತವರ ಪಾಸ್‌ಪೋರ್ಟ್, ಮದುವೆ ಪತ್ರ. ಇವರ ಬಳಿ ಇಲ್ಲದಿರುವುದೂ ಇವೇ. ಯುಎಇ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ದಾಖಲೆ ಇಲ್ಲದವರಿಗೆ ಕ್ಷಮಾದಾನದ ಅವಕಾಶ ಕೊಟ್ಟಾಗ ಅಲ್ಲೇ ಹುಟ್ಟಿ ಕಾಗದವಿಲ್ಲದೆ ಉಳಿದಿದ್ದ ಮಕ್ಕಳನ್ನೂ ಅದರಲ್ಲಿ ಸೇರಿಸಿತ್ತು. ಒಂದು ವರ್ಷದ ಗಡುವನ್ನು ಮೀರುವವರು ಬಹುಪಾಲು ಹೀಗೆ ಕಷ್ಟದಲ್ಲಿರುವವರೇ ಆಗಿದ್ದರೆ, ಆ ಗಡುವು ಮೋಸವನ್ನು ತಡೆಯುತ್ತಿದೆಯೋ ಬಡತನವನ್ನು ದಂಡಿಸುತ್ತಿದೆಯೋ ಎಂದು ಸಂಸತ್ತು ಕೇಳಿಕೊಳ್ಳಬೇಕು.

ಊರಿಗೆ ಮರಳಿದವರನ್ನು ಇನ್ನೊಂದು ಗೊಂದಲ ಕಾಯುತ್ತಿರುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಂ ಪ್ರಕಾರ, ಹೊರದೇಶದಲ್ಲಿ ಹುಟ್ಟಿದ ಮಗುವಿನೊಂದಿಗೆ ಇಲ್ಲೇ ನೆಲೆಸಲು ಬಂದ ಹೆತ್ತವರು, ಅಲ್ಲಿಂದ ಮಾಹಿತಿ ಬಂದಿರದಿದ್ದರೆ, ಮಗು ಭಾರತಕ್ಕೆ ಬಂದ 60 ದಿನದೊಳಗೆ ಸ್ಥಳೀಯ ನೋಂದಣಾಧಿಕಾರಿಯ ಬಳಿ ಜನನ ಬರೆಸಬಹುದು. ಅಂದರೆ ಮಾಗಡಿ ಪುರಸಭೆಯಲ್ಲೇ ಜನನ ಪತ್ರ ಸಿಗಬಹುದು. ಪತ್ರ ಕೈಗೆ ಬಂದೊಡನೆ ಎಲ್ಲವೂ ಮುಗಿಯಿತೆಂದು ಹೆತ್ತವರು ನಂಬುವುದು ಸಹಜ. ಆದರೆ ಅದು ಹುಟ್ಟಿಗೆ ದಾಖಲೆ, ಪೌರತ್ವಕ್ಕಲ್ಲ. ಎರಡೂ ಒಂದೇ ಸರ್ಕಾರದ ಕಾನೂನುಗಳು, ಎರಡಕ್ಕೂ ಒಂದೇ ಗೃಹ ಸಚಿವಾಲಯ. ಒಂದರ ಕಡತ ಇನ್ನೊಂದಕ್ಕೆ ಏಕೆ ಸಾಲದು?

ಅಮೆರಿಕದಲ್ಲಿರುವವರು ಈ ಚಿಂತೆ ತಮ್ಮದಲ್ಲ ಎಂದುಕೊಂಡಿದ್ದರು. ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿ, 1898ರ ವಾಂಗ್ ಕಿಮ್ ಆರ್ಕ್ ತೀರ್ಪು, ಇವೆರಡರ ಬಲದಿಂದ ಅಲ್ಲಿ ಹುಟ್ಟಿದ ಮಗು ಅಮೆರಿಕನ್. ಎಚ್-1ಬಿ ವೀಸಾದ ಮೇಲಿರುವ ಕನ್ನಡಿಗರು ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್, ಭಾರತದ ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಮಾಡಿಸಿ ನಿಶ್ಚಿಂತರಾಗಿರುತ್ತಿದ್ದರು. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಈ ಹಕ್ಕನ್ನು ನಿರಾಕರಿಸಲು ಹೊರಟಿತು. ನ್ಯಾಯಾಲಯಗಳು ಅದಕ್ಕೆ ತಡೆ ಹಾಕಿದವು. ಆದರೆ ಆ ಹೊತ್ತಿನಲ್ಲಿ ಗರ್ಭಿಣಿಯರ ಮನೆಗಳಲ್ಲಿ ಎದ್ದ ಪ್ರಶ್ನೆ ನಿಜವಾದದ್ದು: ಅಮೆರಿಕ ಬೇಡವೆಂದರೆ ಮಗು ಎಲ್ಲಿಯದು? ಉತ್ತರ ನಮ್ಮ 4ನೇ ಕಲಮಿನಲ್ಲಿದೆ, ಒಂದು ವರ್ಷದ ಗಡುವಿನೊಂದಿಗೆ.

ಕಾನೂನು ಮಗುವಿನ ಮೇಲೆ ಎಷ್ಟು ಭಾರ ಹೇರಬಲ್ಲದು ಎಂಬುದು 2023ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಪ್ರಕರಣವೊಂದರಲ್ಲಿ ಕಾಣುತ್ತದೆ. ದುಬೈನಲ್ಲಿ ಹುಟ್ಟಿದ, ಇನ್ನೂ 18 ತುಂಬದ ಇಬ್ಬರು ಮಕ್ಕಳು. ತಾಯಿ ಭಾರತೀಯಳು, ತಂದೆ ಪಾಕಿಸ್ತಾನದವನು. ವಿಚ್ಛೇದನವಾಗಿ ಮಕ್ಕಳು ತಾಯಿಯ ಪಾಲಿಗೆ ಉಳಿದರು. ತಾಯಿಯ ತವರು ಬೆಂಗಳೂರು. ಮಕ್ಕಳ ಪಾಕಿಸ್ತಾನಿ ಪಾಸ್‌ಪೋರ್ಟುಗಳನ್ನು ಆ ದೇಶದ ದೂತಾವಾಸಕ್ಕೆ ಒಪ್ಪಿಸಿದ್ದಾಯಿತು. ಭಾರತ ಮಾನವೀಯತೆಯ ಮೇಲೆ ತಾತ್ಕಾಲಿಕ ಪಾಸ್‌ಪೋರ್ಟ್ ಕೊಟ್ಟು ಒಳಗೆ ಬಿಟ್ಟುಕೊಂಡಿತು. ಪೌರತ್ವ ಕೇಳಿದಾಗ ಮಾತ್ರ ಗಂಟು ಬಿಗಿಯಿತು. ಪಾಕಿಸ್ತಾನದ ಕಾನೂನಿನಂತೆ 21 ವರ್ಷ ತುಂಬುವವರೆಗೆ ಪೌರತ್ವ ತ್ಯಜಿಸುವಂತಿಲ್ಲ, ಅಲ್ಲಿನದನ್ನು ತ್ಯಜಿಸದೆ ಇಲ್ಲಿನದು ಸಿಗುವಂತಿಲ್ಲ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಅರ್ಜಿಯನ್ನು ತಿರಸ್ಕರಿಸಿತು. ಇದ್ದ ಕಾನೂನಿನಂತೆ ನ್ಯಾಯಾಲಯಕ್ಕೆ ಹೆಚ್ಚಿನ ದಾರಿಯಿರಲಿಲ್ಲ. ದಾರಿ ಮಾಡಬೇಕಾದದ್ದು ಕಾನೂನು ಬರೆಯುವವರು. ಇನ್ನೊಂದು ದೇಶದ ನಿಯಮ ಬಿಡುಗಡೆ ಕೊಡುವುದಿಲ್ಲವೆಂದು ಭಾರತೀಯ ತಾಯಿಯ ಮಡಿಲಲ್ಲಿ ಬೆಳೆಯುತ್ತಿರುವ ಮಗು ವರ್ಷಗಟ್ಟಲೆ ಕಾಯಬೇಕಾಗಿ ಬರುವುದು ತಾಯಿಗೆ 1992ರಲ್ಲಿ ಕೊಟ್ಟ ಹಕ್ಕನ್ನೇ ಪೊಳ್ಳು ಮಾಡುತ್ತದೆ.

2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಇನ್ನೊಂದು ಪ್ರಕರಣವೂ ಮನಸ್ಸನ್ನು ಕಲಕುವಂಥದ್ದು. ಭಾರತೀಯ ದಂಪತಿ 1998ರ ಡಿಸೆಂಬರ್‌ನಲ್ಲಿ ಸಿಂಗಪುರದ ಪೌರತ್ವ ಪಡೆದರು. ಆಗ ಹೆಂಡತಿ ಏಳೂವರೆ ತಿಂಗಳ ಗರ್ಭಿಣಿ. 1999ರ ಮಾರ್ಚ್‌ನಲ್ಲಿ ಮಗ ಹುಟ್ಟಿದ. ಅವನು ಪ್ರಾಯಕ್ಕೆ ಬಂದು ಭಾರತದ ಪೌರತ್ವವನ್ನು ಮರಳಿ ಕೇಳಿದ. ಕಾಯ್ದೆಯ 8ನೇ ಕಲಂ, ಹೆತ್ತವರು ಪೌರತ್ವ ತ್ಯಜಿಸಿದ್ದರಿಂದ ಅದನ್ನು ಕಳೆದುಕೊಂಡ ಮಕ್ಕಳಿಗೆ 18 ತುಂಬಿದ ಒಂದು ವರ್ಷದೊಳಗೆ ಮರಳಿ ಪಡೆಯುವ ಅವಕಾಶ ಕೊಡುತ್ತದೆ. ಆದರೆ ಈ ಹೆತ್ತವರು ತ್ಯಜಿಸಿರಲಿಲ್ಲ, ಬೇರೆ ದೇಶದ ಪೌರತ್ವ ಪಡೆದೊಡನೆ 9ನೇ ಕಲಮಿನಂತೆ ಅವರ ಪೌರತ್ವ ತಾನಾಗಿ ರದ್ದಾಗಿತ್ತು. ಹಾಗಾಗಿ ಮಗನಿಗೆ 8ನೇ ಕಲಂ ಅನ್ವಯಿಸದು ಎಂದಿತು ನ್ಯಾಯಾಲಯ. ಹೊರದೇಶದ ಪೌರತ್ವ ಪಡೆಯುವವರೆಲ್ಲ ಸಾಮಾನ್ಯವಾಗಿ 9ನೇ ಕಲಮಿನ ದಾರಿಯಲ್ಲೇ ಹೋಗುವವರು. 2022ರಲ್ಲಿ 2,25,620 ಮಂದಿ, 2023ರಲ್ಲಿ 2,16,219 ಮಂದಿ ಭಾರತದ ಪೌರತ್ವ ಬಿಟ್ಟರೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅವರ ಮಕ್ಕಳಿಗೆ 8ನೇ ಕಲಂ ತೋರಿಸಿದ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ.

ಒಸಿಐ ಕಾರ್ಡ್ ಇದೆಯಲ್ಲ ಎನ್ನುವವರಿದ್ದಾರೆ. 2015ರ ತಿದ್ದುಪಡಿಯಿಂದ ಈಗಿನ ರೂಪ ಪಡೆದ ಈ ಕಾರ್ಡ್ ಆಜೀವ ವೀಸಾ, ಪೌರತ್ವವಲ್ಲ. ಮಾಗಡಿಯ ತಾತ ತೀರಿಕೊಂಡರೆ ಅವರ ರಾಗಿ ಹೊಲ ಪೌತಿ ಖಾತೆಯ ಮೂಲಕ ಒಸಿಐ ಮೊಮ್ಮಗನಿಗೆ ಬರಬಹುದು. ಆದರೆ ಅದರ ಬದುವಿನಾಚೆಯ ಹತ್ತು ಗುಂಟೆಯನ್ನು ಅವನು ಕೊಳ್ಳುವಂತಿಲ್ಲ, ಒಸಿಐಯವರಿಗೆ ಕೃಷಿ ಜಮೀನು ಖರೀದಿ ನಿಷಿದ್ಧ. ಮತ ಹಾಕುವಂತಿಲ್ಲ. ಸರ್ಕಾರಿ ಹುದ್ದೆ ಇಲ್ಲವೆಂಬಷ್ಟು ಕಷ್ಟ. ಓದಿನ ವಿಷಯದಲ್ಲಿ 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ವೃತ್ತಿಪರ ಕೋರ್ಸುಗಳ ಸೀಟಿಗೆ ಒಸಿಐ ವಿದ್ಯಾರ್ಥಿಗಳ ಪರ ತೀರ್ಪು ಕೊಟ್ಟಿತ್ತು. ಮೂರೇ ತಿಂಗಳಿಗೆ, 2021ರ ಮಾರ್ಚ್ 4ರಂದು, ಕೇಂದ್ರದ ಅಧಿಸೂಚನೆ ಅವರನ್ನು ಅನಿವಾಸಿ ಭಾರತೀಯರ ಸೀಟುಗಳಿಗೆ ಸೀಮಿತಗೊಳಿಸಿತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧ ಹಿಂದೆಯೇ ಕಾರ್ಡ್ ಪಡೆದವರಿಗೆ ಅನ್ವಯಿಸದೆಂದು ಹೇಳಿ ಅಷ್ಟು ಜನರನ್ನು ಉಳಿಸಿತು. ಒಂದು ಅಧಿಸೂಚನೆಯಿಂದ ಮೊಟಕಾಗುವುದನ್ನು ಹಕ್ಕು ಎನ್ನಲಾಗದು.

ಪೌರತ್ವವಿದ್ದರೂ ಕಾಗದದ ಕಾಟ ತಪ್ಪದು. 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ಸಮಗ್ರ ಪರಿಷ್ಕರಣೆ ಶುರುವಾದಾಗ, ಹೊರದೇಶದಲ್ಲಿ ಹುಟ್ಟಿದವರು ಅಲ್ಲಿನ ಭಾರತೀಯ ಕಚೇರಿಯ ಜನನ ನೋಂದಣಿ ಪತ್ರ ಲಗತ್ತಿಸಬೇಕೆಂದು ಚುನಾವಣಾ ಆಯೋಗ ಕೇಳಿತು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಅವರ ಜೊತೆ ಬಂದ, ಅಲ್ಲೇ ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಆಗಿನ ಕಾನೂನು ಇಂಥ ನೋಂದಣಿಯನ್ನೇ ಕೇಳಿರಲಿಲ್ಲ. ಈಗ ಮಧ್ಯವಯಸ್ಸಿಗೆ ಬಂದಿರುವ ಅವರು ಆ ಪತ್ರವನ್ನು ಎಲ್ಲಿಂದ ತರಬೇಕು?

ಸರ್ಕಾರದ ಆತಂಕವನ್ನು ತಳ್ಳಿಹಾಕುವಂತಿಲ್ಲ. ಇಬ್ಬಗೆಯ ಪೌರತ್ವವನ್ನು ಭಾರತ ಒಪ್ಪುವುದಿಲ್ಲ, ಸುಳ್ಳು ತಂದೆತಾಯಿಯನ್ನು ತೋರಿಸಿ ಪಾಸ್‌ಪೋರ್ಟ್ ಪಡೆಯುವ ಅಪಾಯವೂ ಇದೆ. ಆದರೆ ಮೊದಲನೆಯದಕ್ಕೆ ಕಾಯ್ದೆಯಲ್ಲೇ ಪರಿಹಾರವಿದೆ: ಬೇರೆ ದೇಶದ ಪೌರತ್ವವೂ ಇರುವ ಮಗು 18 ತುಂಬಿದ ಆರು ತಿಂಗಳೊಳಗೆ ಅದನ್ನು ಬಿಡದಿದ್ದರೆ ಭಾರತದ ಪೌರತ್ವ ಹೋಗುತ್ತದೆ. ಎರಡನೆಯದಕ್ಕೆ ಡಿಎನ್‌ಎ ಪರೀಕ್ಷೆಯಿದೆ. ಹನ್ನೊಂದನೇ ತಿಂಗಳಲ್ಲಿ ನಿಜವಾಗಿದ್ದ ಹುಟ್ಟು ಹದಿಮೂರನೇ ತಿಂಗಳಲ್ಲಿ ಅನುಮಾನವಾಗುವುದಕ್ಕೆ ಕಾರಣವಿಲ್ಲ.

ಬೇರೆ ದೇಶಗಳೂ ಈ ಪ್ರಶ್ನೆಯೊಡನೆ ಗುದ್ದಾಡುತ್ತಿವೆ. ಕೆನಡಾ 2009ರಲ್ಲಿ ವಂಶಾನುಗತ ಪೌರತ್ವವನ್ನು ಒಂದೇ ತಲೆಮಾರಿಗೆ ನಿಲ್ಲಿಸಿತ್ತು. 2023ರ ಡಿಸೆಂಬರ್‌ನಲ್ಲಿ ಒಂಟಾರಿಯೊದ ನ್ಯಾಯಾಲಯ ಅದು ಸಂವಿಧಾನಕ್ಕೆ ವಿರುದ್ಧವೆಂದಿತು. 2025ರ ಡಿಸೆಂಬರ್ 15ರಿಂದ ಹೊಸ ಕಾನೂನು ಬಂದಿದೆ: ಹೊರದೇಶದಲ್ಲೇ ಹುಟ್ಟಿದ ತಂದೆ ಅಥವಾ ತಾಯಿ ಕೆನಡಾದಲ್ಲಿ ಒಟ್ಟು 1,095 ದಿನ ಬಾಳಿದ್ದರೆ ಮುಂದೆ ಹೊರಗೆ ಹುಟ್ಟುವ ಅವರ ಮಗುವೂ ಕೆನಡಿಯನ್. ಅದೇ ವರ್ಷ ಇಟಲಿ ಮುತ್ತಜ್ಜರ ಹೆಸರಿನಲ್ಲಿ ಬರುತ್ತಿದ್ದ ಅರ್ಜಿಗಳಿಗೆ ಬಾಗಿಲು ಹಾಕಿ ಎರಡು ತಲೆಮಾರಿಗೆ ಗೆರೆ ಎಳೆಯಿತು. ದಿಕ್ಕು ಬೇರೆಯಾದರೂ ಇಬ್ಬರೂ ಅಳೆಯುತ್ತಿರುವುದು ದೇಶದೊಡನೆ ಆ ಕುಟುಂಬದ ನಂಟನ್ನು. ನಮ್ಮ ಕಾನೂನು ಅಳೆಯುವುದು ಅರ್ಜಿ ಬಂದ ತಾರೀಕನ್ನು. 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರವಾಸಿ ಭಾರತೀಯ ದಿವಸದಲ್ಲಿ ಪ್ರಧಾನಿ, ತಾವು ನೋಡುವುದು ಪಾಸ್‌ಪೋರ್ಟಿನ ಬಣ್ಣವನ್ನಲ್ಲ, ರಕ್ತಸಂಬಂಧವನ್ನು ಎಂಬರ್ಥದ ಮಾತಾಡಿದ್ದರು. ಆ ಮಾತು 4ನೇ ಕಲಮಿಗೆ ಇಳಿಯಬೇಕು.

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ನೋಂದಣಿಯ ಅವಕಾಶ ಮಗುವಿಗೆ 18 ತುಂಬುವವರೆಗೆ ಇರಲಿ. ತಡವಾದ ಅರ್ಜಿಯನ್ನು ನಿರಾಕರಿಸುವುದಾದರೆ ನಿಗದಿತ ಸಮಯದೊಳಗೆ, ಕಾರಣ ಬರೆದು ನಿರಾಕರಿಸಲಿ. 8ನೇ ಕಲಮಿನ ಅವಕಾಶ 9ನೇ ಕಲಮಿನಿಂದ ಹೆತ್ತವರ ಪೌರತ್ವ ಹೋದ ಮಕ್ಕಳಿಗೂ ಸಿಗಲಿ. ಇನ್ನೊಂದು ದೇಶ ತ್ಯಜಿಸಲು ಬಿಡದಿದ್ದರೆ ಪಾಸ್‌ಪೋರ್ಟ್ ಒಪ್ಪಿಸಿದ ರಸೀದಿಯೇ ಸಾಕೆನ್ನಲಿ. ರಾಜ್ಯದ ಅನಿವಾಸಿ ಭಾರತೀಯ ಸಮಿತಿ ಕೊಲ್ಲಿಯ ಕನ್ನಡ ಸಂಘಗಳ ಜೊತೆ ಸೇರಿ ಕಾರ್ಮಿಕರ ವಸತಿಗಳಲ್ಲಿ ಈ ಗಡುವಿನ ಸುದ್ದಿ ಮುಟ್ಟಿಸಬಹುದು, ಅದಕ್ಕೆ ದಿಲ್ಲಿಯ ತಿದ್ದುಪಡಿಯನ್ನು ಕಾಯಬೇಕಿಲ್ಲ. ಅಲ್ಲಿಯವರೆಗೆ, ಹೊರದೇಶದಲ್ಲಿ ಮೊಮ್ಮಗು ಹುಟ್ಟಿದ ಸುದ್ದಿ ಮಾಗಡಿಯ ಮನೆಗೆ ಬಂದಾಗ ನಾಮಕರಣದ ದಿನದ ಜೊತೆಗೆ ಅಜ್ಜಿ ತಾತ ಫೋನಿನಲ್ಲಿ ಇನ್ನೊಂದನ್ನೂ ಕೇಳಲಿ: ದೂತಾವಾಸದಲ್ಲಿ ಹೆಸರು ಬರೆಸಿದಿರಾ?