ಭಾಗ 3: ಯೆರೆಮೀಯ 29:11 ಗ್ಯಾರಂಟಿ ಕಾರ್ಡ್ ಅಲ್ಲ

ರಿಸಲ್ಟ್ ಟೈಮ್ ಬಂದ್ರೆ ಎಲ್ಲರ ಬಯೋದಲ್ಲೂ ಯೆರೆಮೀಯ 29:11. ಗೆಳೆಯರೇ, ಅದರ ಹಿಂದಿನ ವಚನ ಓದಿದ್ದೀರಾ? ಅಲ್ಲಿ 70 ವರ್ಷ ಅಂತಿದೆ! ಆ ಪತ್ರ ಹೋಗಿದ್ದು ಬಾಬಿಲೋನಿಗೆ ಸೆರೆಹೋದವರಿಗೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತೆ ಅಂದವನು ಹನನ್ಯ. ಜನಕ್ಕೆ ಬೇಕಾದದ್ದನ್ನೇ ಹೇಳಿದ, ಸುಳ್ಳಾಯ್ತು.

ನಾವೂ ಅಷ್ಟೇ. ಪ್ಲಾನ್ ನಾವೇ ಬರೆದು ದೇವರ ಹತ್ರ ಬರೀ ಸಹಿ ಕೇಳ್ತೀವಿ. ಸಿಗದಿದ್ರೆ 'ದೇವರು ಕೈಬಿಟ್ರು' ಅಂತೀವಿ. ಇಂಥ ವಿಶ್ವಾಸಕ್ಕೆ ಹಟ ಅಂತಾರೆ.

ಹಾಗಂತ 'ಎಲ್ಲಾ ದೇವರ ಚಿತ್ತ' ಅಂತ ಕೈಕಟ್ಟಿ ಕೂರೋದೂ ವಿಧೇಯತೆಯಲ್ಲ. ಸೆರೆಯಲ್ಲಿದ್ದವರಿಗೂ ಮನೆ ಕಟ್ಟೋ, ತೋಟ ಮಾಡೋ, ಆ ಪರವೂರಿಗಾಗಿ ಪ್ರಾರ್ಥಿಸೋ ಕೆಲಸ ಕೊಟ್ಟಿದ್ರು ದೇವರು.

ಕೇಳಿದ ಸೀಟು ಸಿಗಲಿಲ್ವಾ? ಅತ್ತುಬಿಡಿ. ಗೆತ್ಸೆಮನೆಯಲ್ಲಿ ಯೇಸುಸ್ವಾಮಿಯೂ ತಂದೆಯ ಮುಂದೆ ಮನಸ್ಸು ಬಿಚ್ಚಿಟ್ಟರು, ಆಮೇಲೆ ತಂದೆಯ ಚಿತ್ತಕ್ಕೆ ತಲೆಬಾಗಿದರು. ನೀವೂ ಸಿಕ್ಕ ಕಾಲೇಜಲ್ಲೇ ಬೇರು ಬಿಡಿ.