ನುಂಗಲಾರದ ತುತ್ತು

‘ನುಂಗಲಾರದ ತುತ್ತು’ ಎಂಬ ಮಾತನ್ನು ರಾಜಕೀಯಕ್ಕೂ ಬೀಗರ ಜಗಳಕ್ಕೂ ಬಳಸಿ ಬಳಸಿ ಅದರ ವಾಚ್ಯಾರ್ಥವನ್ನೇ ಮರೆತಿದ್ದೇವೆ. ತುತ್ತು ನಿಜವಾಗಿಯೇ ಇಳಿಯದವರು ನಮ್ಮ ನಡುವೆ ಇದ್ದಾರೆ. ಎಂಡೋಸ್ಕೋಪಿಯಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಕಾಣಲಿಲ್ಲವೆಂದೊಡನೆ ಅವರ ಕಾಯಿಲೆಯನ್ನು ಗ್ಯಾಸ್ಟ್ರಿಕ್ ಎಂದೋ ಮನಸ್ಸಿನ ಭ್ರಮೆಯೆಂದೋ ತಳ್ಳಿಹಾಕುವ ರೂಢಿ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ.

ನನ್ನ ಅತ್ತಿಗೆಯವರಿಗೆ ಮುದ್ದೆಯಷ್ಟೇ ಅಲ್ಲ, ಮೊದಲಿನಿಂದಲೂ ನೀರು ಕೂಡ ಎದೆಯ ನಡುವೆ ನಿಲ್ಲುತ್ತಿತ್ತು. ರಾತ್ರಿ ಮಲಗಿದರೆ ಉಂಡದ್ದು ಬಾಯಿಗೆ ಮರಳಿ ಕೆಮ್ಮು ಬರುತ್ತಿತ್ತು. ಎರಡು ವರ್ಷ ಆಮ್ಲ ತಗ್ಗಿಸುವ ಗುಳಿಗೆ ನುಂಗಿದರು. (ಅದನ್ನು ನುಂಗುವುದೂ ಕಷ್ಟವೇ!) ಹೆಂಗಸರು ಹೇಳಿಕೊಳ್ಳುವ ಸಂಕಟಕ್ಕೆ ‘ಚಿಂತೆ ಹಚ್ಚಿಕೊಳ್ಳಬೇಡಿ’ ಎಂಬ ಔಷಧ ಬಹಳ ಬೇಗ ದೊರಕುತ್ತದೆ.

ಪಠ್ಯಪುಸ್ತಕದ ಚಿತ್ರದಲ್ಲಿ ಅನ್ನನಾಳ ಬರಿಯ ಕೊಳವೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದದ ಆ ಸ್ನಾಯುನಾಳವು ಮೇಲಿನಿಂದ ಕೆಳಕ್ಕೆ ಅಲೆಯಂತೆ ಸಂಕುಚಿಸುತ್ತ ತುತ್ತನ್ನು ತಳ್ಳುತ್ತದೆ. ತಳದ ಸ್ನಾಯುವಿನ ಉಂಗುರ ಅದೇ ಹೊತ್ತಿಗೆ ಸಡಿಲಗೊಂಡು ಜಠರಕ್ಕೆ ದಾರಿ ಬಿಡುತ್ತದೆ. ಎಂಡೋಸ್ಕೋಪಿ ಒಳಗೋಡೆಯನ್ನು ತೋರಿಸೀತೇ ಹೊರತು ಅಲೆಯ ಬಲವನ್ನು ಅಳೆಯದು. ಬೀಗಕ್ಕೆ ತುಕ್ಕು ಹಿಡಿದಿದೆಯೇ ಎಂಬುದನ್ನು ಬಾಗಿಲ ಬಣ್ಣ ನೋಡಿ ಹೇಳಲಾದೀತೆ?

ಅದನ್ನು ಅಳೆಯುವ ಪರೀಕ್ಷೆಯೇ ಮ್ಯಾನೊಮೆಟ್ರಿ. ಮೂಗಿನ ಮೂಲಕ ತೆಳುವಾದ ನಳಿಗೆಯೊಂದನ್ನು ಜಠರದವರೆಗೆ ಇಳಿಸುತ್ತಾರೆ. ಈಗ ಬಳಕೆಯಲ್ಲಿರುವ ಒಂದು ಬಗೆಯ ನಳಿಗೆಯಲ್ಲಿ ಸೆಂಟಿಮೀಟರಿಗೊಂದರಂತೆ ಒತ್ತಡ ಗುರುತಿಸುವ 36 ಸಂವೇದಕಗಳಿರುತ್ತವೆ. ಮಲಗಿಸಿ, 5 ಮಿಲಿಲೀಟರಿನಂತೆ ಹತ್ತು ಗುಟುಕು ನೀರು ಕೊಡುತ್ತಾರೆ. ಪ್ರತಿ ಗುಟುಕಿನ ಒತ್ತಡವೂ ಪರದೆಯ ಮೇಲೆ ಬಣ್ಣದ ನಕ್ಷೆಯಾಗಿ ಮೂಡುತ್ತದೆ. ನಳಿಗೆ ಇಳಿಯುವಾಗ ಓಕರಿಕೆ ಬರುವುದುಂಟು. ರೋಗಿ ಎಚ್ಚರವಿದ್ದು ನುಂಗಬೇಕಾದ್ದರಿಂದ ಸಾಮಾನ್ಯವಾಗಿ ಮಂಪರು ಕೊಡುವುದಿಲ್ಲ. ಅತ್ತಿಗೆಯವರು ಮೂಗು ಹಿಂಡಿಕೊಂಡೇ ಎದ್ದುಬಂದರು, ಆದರೆ ಕಾಯಿಲೆಗೊಂದು ಹೆಸರು ಸಿಕ್ಕಿತ್ತು: ಅಕಲೇಸಿಯಾ. ಅನ್ನನಾಳದ ಗೋಡೆಯ ನರಕೋಶಗಳು ನಶಿಸಿ, ಅಲೆ ಅಡಗಿ, ಉಂಗುರ ಬಿಗಿದೇ ಉಳಿಯುವ ಕಾಯಿಲೆಯಿದು. ಅಪರೂಪದ್ದು, ನಿಜ, ವರ್ಷಕ್ಕೆ ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಹೊಸದಾಗಿ ಬರುತ್ತದೆ. ಆದರೆ ಹೊಸದೇನಲ್ಲ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1674ರಲ್ಲಿಯೇ ಇಂಥ ರೋಗಿಯೊಬ್ಬನನ್ನು ವರ್ಣಿಸಿದ್ದಾನೆ. ತಿಮಿಂಗಿಲದ ಮೂಳೆಯ ತುದಿಗೆ ಸ್ಪಂಜು ಕಟ್ಟಿ ಅನ್ನವನ್ನು ಕೆಳಕ್ಕೆ ನೂಕುವ ಉಪಾಯ ಅವನದು. ಇಂದು ಬಲೂನಿನಿಂದ ಹಿಗ್ಗಿಸಬಹುದು, ಉಂಗುರದ ಸ್ನಾಯುವನ್ನು ಸೀಳಬಹುದು. ಆ ಸೀಳುವಿಕೆಯನ್ನು ಬಾಯಿಯ ಮೂಲಕವೇ ನಡೆಸುವ ವಿಧಾನವನ್ನು ಜಪಾನಿನ ಡಾ. ಹರುಹಿರೊ ಇನೊಯೆ 2008ರಲ್ಲಿ ರೋಗಿಗಳ ಮೇಲೆ ಆರಂಭಿಸಿದರು. ಸತ್ತ ನರಕೋಶಗಳು ಮರಳವು, ಅನ್ನವಂತೂ ಇಳಿಯುತ್ತದೆ.

ಹಾಗೆಂದು ಎಲ್ಲರೂ ಮೊದಲಿಗೇ ಈ ಪರೀಕ್ಷೆಗೆ ಓಡಬೇಕಿಲ್ಲ. ಗಡ್ಡೆಯ ಶಂಕೆ ಕಳೆಯಲು ಎಂಡೋಸ್ಕೋಪಿಯೇ ಮೊದಲು. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಯಿಂದಲೂ ಸುಳಿವು ಸಿಕ್ಕೀತು. ಅವು ಏನನ್ನೂ ಹೇಳದಿದ್ದಾಗ ‘ಮುಂದೇನು?’ ಎಂದು ಕೇಳುವುದು ರೋಗಿಯ ಹಕ್ಕು. ಈ ಉಪಕರಣ ಎಲ್ಲ ಆಸ್ಪತ್ರೆಗಳಲ್ಲಿಲ್ಲ. ವೈದ್ಯರು ಬರೆದು ಕಳಿಸದಿದ್ದರೆ ಹಳ್ಳಿಯ ರೋಗಿಗೆ ಅದರ ಹೆಸರೂ ತಿಳಿಯದು. ಆದ್ದರಿಂದ ಓದುಗ ಮಿತ್ರರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಇಷ್ಟನ್ನು ಗಮನಿಸಿ ವೈದ್ಯರಿಗೆ ತಿಳಿಸಿ: ನುಂಗಲು ಆರಂಭಿಸುವಾಗಲೇ ತೊಡಕೋ, ಎದೆಯಲ್ಲಿ ನಿಲ್ಲುತ್ತದೆಯೋ; ಗಟ್ಟಿ ಪದಾರ್ಥಕ್ಕೆ ಮಾತ್ರವೋ, ನೀರಿಗೂ ಹಾಗೆಯೋ; ತೂಕ ಎಷ್ಟು ಇಳಿದಿದೆ.