ಹೆಸರಿನಲ್ಲಿ ಭಾರತ, ಮನೆಯಲ್ಲಿ ಅಪರಾಧ

ಭಾರತದ ಹೆಸರನ್ನೇ ಹೊತ್ತ ಬಿಯರ್ ಒಂದುಂಟು: ಇಂಡಿಯಾ ಪೇಲ್ ಏಲ್. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿದ ಕನ್ನಡಿಗ ಅಂಗಡಿಯಿಂದ ಕಿಟ್ ತಂದು ಅಡುಗೆಮನೆಯಲ್ಲೇ ಅದನ್ನು ತಯಾರಿಸಿಕೊಳ್ಳಬಹುದು. ಅದೇ ಕೆಲಸವನ್ನು ಆತ ಮಸ್ಕಿ ಸೀಮೆಯ ಬಳಗಾನೂರಿನ ತನ್ನ ಮನೆಯಲ್ಲಿ ಪರವಾನಗಿಯಿಲ್ಲದೆ ಮಾಡಿದರೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧಿಯಾಗುತ್ತಾನೆ. ಕುಡಿಯಲು ಮಾಡಿದ್ದೋ ಮಾರಲು ಮಾಡಿದ್ದೋ ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ. ಈ ನಿರ್ಬಂಧ ಯಾರನ್ನು ರಕ್ಷಿಸುತ್ತಿದೆ ಎಂಬ ಪ್ರಶ್ನೆ ಏಳುವುದು ಸಹಜ.

ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಹಾಡ್ಜ್‌ಸನ್ ಕುಟುಂಬದ ಬ್ರೂವರಿ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳ ಮೂಲಕ ಬಿಯರ್ ರಫ್ತು ಮಾಡುತ್ತಿತ್ತು. ಹಾಪ್ಸ್ ಹೂವಿನ ಕಹಿ ಹೆಚ್ಚಿದ್ದ ಪಾನೀಯ ತಿಂಗಳುಗಟ್ಟಲೆಯ ಸಮುದ್ರಯಾನವನ್ನು ತಾಳಿಕೊಂಡಿತು. 1820ರ ದಶಕದಲ್ಲಿ ಬರ್ಟನ್ ಪಟ್ಟಣದ ತಯಾರಕರು ಪೈಪೋಟಿಗಿಳಿದರು. ಅಲ್ಲಿನ ಜಿಪ್ಸಂಯುಕ್ತ ನೀರು ಕಹಿಗೆ ಹರಿತ ಕೊಟ್ಟಿತು. ಬಿಳಿಯ ಅಧಿಕಾರಿಗಳಿಗಾಗಿ ಬಂದ ಈ ಬಿಯರ್ ಇಂದು ಬೆಂಗಳೂರಿನ ಪಬ್‌ಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ.

ಕಿಟ್‌ನಲ್ಲಿ ಏನಿದೆ?

ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಅದರ ಸಿಹಿ ರಸವನ್ನು ಬತ್ತಿಸಿದ ಪಾಕವೇ ಕಿಟ್‌ನ ಮುಖ್ಯ ವಸ್ತು. ಸುಮಾರು 20 ಲೀಟರ್ ಬಿಯರಿಗೆ 3 ಕಿಲೋ ಪಾಕ ಬೇಕು. ಅದನ್ನು ನೀರಿನಲ್ಲಿ ಕರಗಿಸಿ, ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಬೇಕು. ಮೊದಲು ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಕೊನೆಯ ನಿಮಿಷಗಳಲ್ಲಿ ಹಾಕಿದ್ದು ಪರಿಮಳ ಕೊಡುತ್ತದೆ. ಬೇಗ ತಣಿಸಿ ಯೀಸ್ಟ್ ಬೆರೆಸಿ ಎರಡು ವಾರ ಹುದುಗಿಸಬೇಕು. ಹುದುಗು ಇಳಿದ ಮೇಲೆ ಮತ್ತೊಮ್ಮೆ ಹಾಪ್ಸ್ ನೆನೆಸಿದರೆ ಪೇಲ್ ಏಲ್‌ಗೆ ಅದರ ನಿಜವಾದ ಘಮ ಬರುತ್ತದೆ. ಹಣ ಉಳಿಸಲು ಅರ್ಧ ಪಾಕದ ಬದಲು ಸಕ್ಕರೆ ಸುರಿದರೆ ರುಚಿ ಪೇಲವವಾಗುತ್ತದೆ. ಮದ್ಯಸಾರ ಸಾಮಾನ್ಯವಾಗಿ ಶೇ 5.5ರಿಂದ 7.

ಈ ಸೀಮೆಯಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಬಿಸಿಲು. ಇಂಗ್ಲಿಷ್ ಯೀಸ್ಟ್‌ಗೆ 18ರಿಂದ 20 ಡಿಗ್ರಿಯ ತಂಪು ಬೇಕು, ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಯಲ್ಲಿ ಹುದುಗಿದ ಬಿಯರ್ ಘಾಟಾಗುತ್ತದೆ. ನಾರ್ವೆಯ ಹಳ್ಳಿಗರು ಕಾಪಾಡಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟ್ ಮಾತ್ರ 35 ಡಿಗ್ರಿಯ ಮೇಲೂ ಕೆಡದೆ ಕೆಲಸ ಮಾಡುತ್ತದೆ. ಎರಡನೆಯದು ನೀರು. ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ.

ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ

ಕಿಟ್‌ನಿಂದ ಮಾಡಿದ ಬಿಯರ್ ಕೆಟ್ಟರೆ ಹುಳಿಯಾಗುತ್ತದೆ, ಅನಿಲ ಹೆಚ್ಚಾದರೆ ಬಾಟಲಿ ಒಡೆಯುತ್ತದೆ. ಸಾಲು ಸಾವು ತರುವ ವಿಷ ಅದರಲ್ಲಿ ಹುಟ್ಟುವುದಿಲ್ಲ. ಕಳ್ಳಭಟ್ಟಿ ದುರಂತಗಳ ಹಿಂದೆ ಇರುವುದು ಮಿಥೈಲ್ ಆಲ್ಕೋಹಾಲ್, ಅದೂ ಬಹುಮಟ್ಟಿಗೆ ಕೈಗಾರಿಕೆಯಿಂದ ಕದ್ದು ಬೆರೆಸಿದ್ದು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ಪಡೆದದ್ದು ವಿಷ ಮದ್ಯ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ಕಳ್ಳಸಾರಾಯಿ ನೂರಕ್ಕೂ ಹೆಚ್ಚು ಜೀವ ತೆಗೆಯಿತು.

ರಾಯಚೂರು ಜಿಲ್ಲೆಗೆ ಇನ್ನೊಂದು ಪಿಡುಗು ಇದೆ. ಸೇಂದಿಗೆ ಇಲ್ಲಿ ಅವಕಾಶವಿಲ್ಲ. ಆದರೂ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ನೀರಿಗೆ ಬೆರೆಸಿ ಸೇಂದಿಯೆಂದು ಮಾರುವ ದಂಧೆ ನಿಂತಿಲ್ಲ. ಅದರಲ್ಲಿ ಈಚಲ ಮರದ ರಸ ಹೆಸರಿಗಷ್ಟೇ. ಕುಡಿದವನು ಚಟಕ್ಕೆ ಬೀಳುತ್ತಾನೆ, ಬಿಟ್ಟರೆ ನಡುಕ ಹಿಡಿಯುತ್ತದೆ. ಸೇಂದಿಗೆ ಪರವಾನಗಿ ಇರುವ ನೆರೆಯ ತೆಲಂಗಾಣದಲ್ಲೂ ಕಲಬೆರಕೆ ತಪ್ಪಿಲ್ಲ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು. ಪರವಾನಗಿ ಕೊಟ್ಟರಷ್ಟೇ ಸಾಲದು, ನಿಷೇಧಿಸಿದರಷ್ಟೇ ಸಾಲದು ಎಂಬುದಕ್ಕೆ ಇದು ನಿದರ್ಶನ.

ಮಹಾನಗರಕ್ಕೊಂದು ಬಾಗಿಲು

2010ರ ದಶಕದ ಆರಂಭದಲ್ಲಿ ಸರ್ಕಾರ ಕಿರು ಬ್ರೂವರಿಗಳಿಗೆ ಬಾಗಿಲು ತೆರೆಯಿತು. ದೊಡ್ಡ ಬಂಡವಾಳವಿದ್ದವರು ಪಬ್‌ನಲ್ಲೇ ಬಿಯರ್ ತಯಾರಿಸಿ ಮಾರತೊಡಗಿದರು. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ದ್ರಾಕ್ಷಿ ಬೆಳೆಗಾರರಿಗೆ ಒಂದು ದಾರಿ ಮಾಡಿತು. ಜೋಳದ ರೈತನಿಗೆ ಅಂಥ ನೀತಿ ಬರಲಿಲ್ಲ. ಜೋಳದಿಂದ ಬಿಯರ್ ಆಗದೆಂದೇನೂ ಅಲ್ಲ. 1988ರಲ್ಲಿ ನೈಜೀರಿಯಾ ಬಾರ್ಲಿ ಮಾಲ್ಟ್ ಆಮದನ್ನು ನಿಷೇಧಿಸಿದಾಗ ಅಲ್ಲಿಯ ಬ್ರೂವರಿಗಳು ಜೋಳದ ಕಡೆ ತಿರುಗಿದವು. ಅಮೆರಿಕದಲ್ಲಿ ಬಿಳಿಜೋಳದ ಪಾಕವೂ ಮನೆ ತಯಾರಕರಿಗೆ ಸಿಗುತ್ತದೆ.

ಮದ್ಯ ರಾಜ್ಯಪಟ್ಟಿಯ ವಿಷಯ. ಸಂವಿಧಾನದ 47ನೇ ವಿಧಿ ಪಾನನಿಷೇಧದತ್ತ ಸಾಗಲು ಹೇಳುತ್ತದೆ, ಬಜೆಟ್ ಬೇರೊಂದು ದಿಕ್ಕಿಗೆ ನಡೆಯುತ್ತದೆ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹದ ಗುರಿಯಿತ್ತು. ಸುಂಕ ಕೊಡದ ಮನೆಯ ಬಿಯರ್ ಖಜಾನೆಗೆ ಬೇಡವಾದ ಅತಿಥಿ.

ಅನ್ಯ ಕಡೆ ಕಾನೂನು ಪ್ರಮಾಣವನ್ನು ಅಳೆಯುತ್ತದೆ. ಬ್ರಿಟನ್ 1963ರಲ್ಲಿ ಮನೆ ಬಿಯರಿನ ಪರವಾನಗಿ ಪದ್ಧತಿಯನ್ನೇ ಕೈಬಿಟ್ಟಿತು. ಅಮೆರಿಕ 1978ರ ಕಾನೂನಿನಲ್ಲಿ ಇಬ್ಬರು ವಯಸ್ಕರ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್ ಮಿತಿ ಇಟ್ಟಿತು. ಮಾರಾಟಕ್ಕೂ ಭಟ್ಟಿ ಇಳಿಸುವುದಕ್ಕೂ ಅದು ಅವಕಾಶ ಕೊಡಲಿಲ್ಲ. ಅಲಬಾಮ, ಮಿಸಿಸಿಪ್ಪಿ ರಾಜ್ಯಗಳು ಇದನ್ನು ಒಪ್ಪಿದ್ದು 2013ರಲ್ಲಿ. ನಮ್ಮ ಮಧ್ಯಪ್ರದೇಶದಲ್ಲಿ ಪರಿಶಿಷ್ಟ ಪಂಗಡದವರಿಗೆ ಸ್ವಂತ ಬಳಕೆಯ ಮಹುವಾ ಮದ್ಯಕ್ಕೆ ಮಿತವಾದ ವಿನಾಯಿತಿ ಇದೆ.

ಮಹಿಳೆಯರ ಪ್ರಶ್ನೆ

ಆದರೆ ಈ ವಾದವನ್ನು ರಾಯಚೂರಿನ ಮಹಿಳೆಯರ ಮುಂದೆ ಇಡುವುದು ಸುಲಭವಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಅವರಲ್ಲಿ ಈ ಜಿಲ್ಲೆಯವರು ದೊಡ್ಡ ಸಂಖ್ಯೆಯಲ್ಲಿದ್ದರು. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಮದ್ಯ ಸಿಗುತ್ತದೆ, ಗಂಡನ ಕೂಲಿಯೆಲ್ಲ ಅಲ್ಲಿಗೇ ಹೋಗುತ್ತದೆ ಎಂಬುದು ಅವರ ದೂರಾಗಿತ್ತು. ಬಾಗಿಲು ಮುಚ್ಚಿ ಎನ್ನುವವರಿಗೆ ಇನ್ನೊಂದು ಬಾಗಿಲು ತೆರೆಯುವ ಮಾತು ಅಪಥ್ಯವಾಗುವುದು ಸಹಜ. ಮನೆಯಲ್ಲಿ ಬಿಯರ್ ಹುದುಗುವಾಗ ಪಾತ್ರೆ ತೊಳೆಯುವವರು ಯಾರು, ಕುಡಿದವನ ಕೈಯ ಪೆಟ್ಟು ತಿನ್ನುವವರು ಯಾರು ಎಂದು ಅವರು ಕೇಳಿದರೆ ಅದಕ್ಕೆ ಉತ್ತರ ಬೇಕು.

ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧ ಬೇಡಿಕೆಗಳು. ಆಳದಲ್ಲಿ ಎರಡರ ಆಕ್ಷೇಪವೂ ಒಂದೇ. ಕಾನೂನು ಹಾನಿಯನ್ನು ಅಳೆಯುತ್ತಿಲ್ಲ, ಸುಂಕವನ್ನು ಅಳೆಯುತ್ತಿದೆ. ಸುಂಕ ಕಟ್ಟಿದ ಬಾಟಲಿ ಕಿರಾಣಿ ಅಂಗಡಿಗೆ ಇಳಿದರೂ ಅದು ಕಾಣುವುದಿಲ್ಲ, ಸುಂಕ ಕಟ್ಟದ ಇಪ್ಪತ್ತು ಲೀಟರ್ ಹುದುಗು ಮಾತ್ರ ಅಪರಾಧವಾಗುತ್ತದೆ. ಸಿಎಚ್ ಪೌಡರ್ ಸಾಗಿಸುವವನನ್ನೂ ಹವ್ಯಾಸಕ್ಕೆ ಬಿಯರ್ ಮಾಡುವವನನ್ನೂ ಒಂದೇ ಕಾಯ್ದೆಯ ಕೆಳಗೆ ನಿಲ್ಲಿಸುವ ಇಲಾಖೆಯ ಗಮನ ಯಾರ ಮೇಲೆ ಮೊದಲು ಬೀಳಬೇಕು?

ಭಟ್ಟಿ ಇಳಿಸಬಾರದು, ಮಾರಬಾರದು, ಇಂತಿಷ್ಟು ಲೀಟರ್ ಮೀರಬಾರದು ಎಂಬ ಮೂರು ಗೆರೆಗಳೊಳಗೆ ಮನೆಯ ಬಿಯರಿಗೆ ವಿನಾಯಿತಿ ಕೊಡುವುದು ಅಸಾಧ್ಯವೇನಲ್ಲ. ಆದರೆ ಸರದಿ ತಪ್ಪಬಾರದು. ಅಕ್ರಮ ಮಾರಾಟ ನಿಲ್ಲಬೇಕು, ಕಲಬೆರಕೆಯ ಬೇರು ಕೀಳಬೇಕು. ಆ ಕೆಲಸ ಆದ ದಿನ, ಪೇಲ್ ಏಲ್ ಕಿಟ್‌ನ ವಿಷಯವನ್ನು ಬಳಗಾನೂರಿನ ಕಟ್ಟೆಯ ಮೇಲೂ ನಿರ್ಭಿಡೆಯಿಂದ ಚರ್ಚಿಸಬಹುದು.